ಐದು ಬಾತು, ಒಂದು ಕೊಳ: ಡಿಸೆಂಬರ್‌ನಿಂದ ಜುಲೈವರೆಗಿನ ಕೆಸರಿನ ಲೆಕ್ಕ

ಮೊನ್ನೆ ಮಧ್ಯಾಹ್ನ ಹಿತ್ತಿಲಿಗೆ ಹೋದರೆ ಕೊಳದ ತಳಕ್ಕೆ ಹಾಸಿದ್ದ ಪ್ಲಾಸ್ಟಿಕ್ ಶೀಟು ನಡುವೆ ಪೂರಿಯ ಹಾಗೆ ಉಬ್ಬಿ ನಿಂತಿತ್ತು. ಅದರ ನೆತ್ತಿಯ ಮೇಲೆ ಎರಡು ಬಾತುಕೋಳಿ ಕುಳಿತು ಆರಾಮವಾಗಿ ಗರಿ ನೇವರಿಸಿಕೊಳ್ಳುತ್ತಿದ್ದವು. ಹೊರಗೆ ಧೋ ಎಂದು ಮಳೆ. ಮಳೆ ಬಿಡುವ ತನಕ ಮಾಡಲಿಕ್ಕೆ ಬೇರೆ ಕೆಲಸ ಇಲ್ಲ. ಹಾಗಾಗಿ ಡಿಸೆಂಬರ್‌ನಿಂದ ಪುಸ್ತಕದಲ್ಲಿ ಗೀಚಿಟ್ಟ ಲೆಕ್ಕವನ್ನೆಲ್ಲ ಒಂದು ಕಡೆ ಬರೆಯುತ್ತಿದ್ದೇನೆ. ಬಾತು ಸಾಕಿ ಕೊಳದ ನೀರು ನೋಡಿ ತಲೆ ಚಚ್ಚಿಕೊಂಡವರಿಗೆ ನನ್ನ ತಪ್ಪುಗಳಾದರೂ ಉಪಯೋಗಕ್ಕೆ ಬರಲಿ.

ನಮ್ಮ ಮನೆ ಉಡುಪಿ ಜಿಲ್ಲೆಯ ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ಕಡೆ. ಹಿತ್ತಿಲಲ್ಲಿ 12 ತೆಂಗಿನ ಮರ, ಒಂದು ಬಾವಿ. ಜಾಗ ಹಿಂದಕ್ಕೆ ಇಳಿಜಾರು. ಕೊಳ ಇರುವ ಜಾಗಕ್ಕಿಂತ ತೆಂಗಿನ ಬುಡ ಮೂರೂವರೆ ಅಡಿ ತಗ್ಗಿನಲ್ಲಿ ಉಂಟು. ಈ ಇಳಿಜಾರು ನೆನಪಿರಲಿ, ಮುಂದೆ ಬೇಕಾಗುತ್ತದೆ. ಬಾತು ತಂದದ್ದು ಬಸವನ ಹುಳದ ಕಾಟಕ್ಕೆ. ಗುಳ್ಳ ಬದನೆಗೆ ಹೆಸರಾದ ಮಟ್ಟು ಊರಿನ ಪಕ್ಕದಲ್ಲೇ ಇದ್ದು ನಾಲ್ಕು ಗುಳ್ಳದ ಗಿಡ ಉಳಿಸಿಕೊಳ್ಳಲಿಕ್ಕೆ ಆಗುವುದಿಲ್ಲ ಅಂದರೆ ನಾಚಿಕೆ ಅಲ್ವಾ? ಖಾಕಿ ಕ್ಯಾಂಪ್‌ಬೆಲ್ ತಳಿ, ಒಂದು ಗಂಡು, ನಾಲ್ಕು ಹೆಣ್ಣು.

ಡಿಸೆಂಬರ್ 10–14: ಗುಂಡಿ

10 ಅಡಿ ಉದ್ದ, 8 ಅಡಿ ಅಗಲ. ನಡುವೆ ಎರಡೂವರೆ ಅಡಿ ಆಳ, ಅಂಚಿಗೆ ಒಂದೂವರೆ. ಸರಾಸರಿ ಎರಡಡಿ ಹಿಡಿದರೆ 160 ಘನ ಅಡಿ, ಅಂದರೆ ಸುಮಾರು 4,500 ಲೀಟರ್ ನೀರು. ಒಂದಡಿ ಕೆಳಗೇ ಮುರಕಲ್ಲು (ಜಂಬಿಟ್ಟಿಗೆ) ಸಿಕ್ಕಿತು. ಇಬ್ಬರು ಮೂರು ದಿನ ಪಿಕ್ಕಾಸು ಹಿಡಿದರು. ದಿನಕ್ಕೆ ತಲೆಗೆ 900ರಂತೆ ಕೂಲಿ 5,400 ರೂಪಾಯಿ. ಅಡಿಯಲ್ಲಿ ಕಲ್ಲಿನ ಚೂಪು ಚುಚ್ಚದ ಹಾಗೆ ಹಳೆ ಗೋಣಿ. ಅದರ ಮೇಲೆ ಸಿಲ್ಪಾಲಿನ್ ಶೀಟು, ತೋಟದವರು ಮಳೆನೀರಿನ ಗುಂಡಿಗೆ ಹಾಸುತ್ತಾರಲ್ಲ, ಅದೇ. 250 ಜಿಎಸ್‌ಎಂ (ಚದರ ಮೀಟರಿಗೆ 250 ಗ್ರಾಂ ತೂಕ), 18 ಅಡಿಗೆ 16 ಅಡಿ. ಚದರ ಅಡಿಗೆ 10ರಂತೆ 2,880 ರೂಪಾಯಿ.

ಶೀಟು ಹಾಸುವ ದಿನ ಬಾವಿ ಪಂಪಿನ ಕೆಲಸಕ್ಕೆ ಬಂದಿದ್ದ ಪ್ಲಂಬರ್ ಇಣುಕಿ ನೋಡಿ, “ತಳಕ್ಕೊಂದು ಪೈಪು ಇಡುವುದು ಬೇಡವಾ ಸರ್?” ಅಂದರು.

“ಬೇಡ ಮಾರಾಯ್ರೆ, ಶೀಟಿಗೆ ತೂತು ಮಾಡಿದರೆ ಸೋರುತ್ತದೆ” ಅಂದೆ.

ಇಡೀ ಕೆಲಸದ ಅತಿ ದೊಡ್ಡ ತಪ್ಪು ಇದೇ. ಉಳಿದ ತಪ್ಪುಗಳಲ್ಲಿ ಅರ್ಧ ಇದರಿಂದಲೇ ಹುಟ್ಟಿದವು.

ಡಿಸೆಂಬರ್ 26: ಮೊದಲ ನಾತ

ನೀರು ತುಂಬಿಸಿ ಬಾತುಗಳನ್ನು ಬಿಟ್ಟದ್ದು 14ಕ್ಕೆ. ಆರನೇ ದಿನ ನೀರು ಹೆಸರುಬೇಳೆ ಕಟ್ಟಿನ ಬಣ್ಣಕ್ಕೆ ತಿರುಗಿತು. ಹನ್ನೆರಡನೇ ದಿನ ಅಡುಗೆಮನೆ ಕಿಟಕಿ ಮುಚ್ಚಬೇಕಾಯಿತು. ಬಾವನ ಮನೆಯಿಂದ ಅರ್ಧ ಎಚ್‌ಪಿ ಪಂಪು ತಂದು ನೀರು ಖಾಲಿ ಮಾಡಿದೆ. ಕೊನೆಯ ನಾಲ್ಕಿಂಚು ಪಂಪಿಗೆ ಬರಲಿಲ್ಲ. ಬಕೆಟಿನಲ್ಲಿ ತೋಡಿದೆ, 23 ಬಕೆಟ್. ಕಪ್ಪು, ಜಿಗುಟು, ಮೇಲೆ ಗರಿ. ಕೈ ಹಾಕಿದಲ್ಲೆಲ್ಲ ಗುಳ್ಳೆ ಎದ್ದು ಕೊಳೆತ ಮೊಟ್ಟೆಯ ನಾತ. ಹನ್ನೆರಡು ದಿನಕ್ಕೆ ಇಷ್ಟು! ಎರಡು ತೆಂಗಿನ ಬುಡಕ್ಕೆ ಸುರಿದೆ.

ಅವತ್ತಿನಿಂದ ಅಳತೆ ಇಡಲು ಶುರು ಮಾಡಿದೆ. ಒಡೆದ ಕಪ್ಪಿನ ಜೋಡಿ ಬಿಳಿ ಬಸಿ ಒಂದಿತ್ತು. ಅದಕ್ಕೆ ಒಂದು ಕಲ್ಲು ಕಟ್ಟಿ, ಇಂಚಿಗೊಂದು ಗಂಟು ಹಾಕಿದ ಹಗ್ಗದಲ್ಲಿ ನೀರಿಗೆ ಇಳಿಸುವುದು. ಎಷ್ಟನೇ ಗಂಟಿಗೆ ಬಸಿ ಕಣ್ಣಿಗೆ ಮರೆಯಾಗುತ್ತದೋ ಅಷ್ಟು ಇಂಚು ತಿಳಿ ಅಂತ ಲೆಕ್ಕ. ಜನವರಿ 5ಕ್ಕೆ ನೋಡಿದರೆ 3 ಇಂಚು.

ಜನವರಿ 7: ಸ್ಪಂಜ್ ಫಿಲ್ಟರ್

ಮಂಗಳೂರಿನ ಒಂದು ಅಕ್ವೇರಿಯಂ ಅಂಗಡಿಯಿಂದ 40 ವ್ಯಾಟಿನ ಮುಳುಗುವ ಪಂಪು ಮತ್ತು ಸ್ಪಂಜಿನ ಡಬ್ಬಿ ತಂದೆ, 1,950 ರೂಪಾಯಿ. ಗಂಟೆಗೆ 2,500 ಲೀಟರ್ ಎತ್ತುತ್ತದೆ ಅಂತ ಡಬ್ಬಿಯ ಮೇಲೆ ಬರೆದಿತ್ತು. ಅಂಗಡಿಯವರು ಮೀನಿಗೆ ಅಂತ ಕೊಟ್ಟದ್ದು, ನಾನು ಬಾತಿಗೆ ಅಂತ ಹೇಳಲೇ ಇಲ್ಲ.

ಮೂರು ಗಂಟೆಗೆ ನೀರು ಬರುವುದು ನಿಂತಿತು. ಸ್ಪಂಜು ಹಿಂಡಿದರೆ ಏನೆಲ್ಲ ಬಂತು ಗೊತ್ತಾ? ಅರ್ಧ ಅಗಿದ ಕುಚ್ಚಲಕ್ಕಿ ಅನ್ನ, ತೌಡು, ಎಳೆ ಗರಿಯ ತೊಟ್ಟು, ಒಂದು ಬಸವನ ಹುಳದ ಚಿಪ್ಪು. ತೊಳೆದು ಹಾಕಿದೆ. ಮತ್ತೆ ಮೂರು ಗಂಟೆ. ದಿನಕ್ಕೆ ಐದು ಸಲ ಸ್ಪಂಜು ಹಿಂಡುವವನಿಗೆ ಬೇರೆ ಉದ್ಯೋಗ ಇರಬಾರದು. ನಾಲ್ಕನೇ ದಿನ ಡಬ್ಬಿ ಕಳಚಿದೆ. ಪಂಪು ಒಳ್ಳೆಯದೇ ಇತ್ತು, ಒರೆಸಿ ಎತ್ತಿಟ್ಟೆ.

ಜನವರಿ 21: ತೆಂಗಿನ ನಾರು

ದೊಡ್ಡ ಪಾತ್ರೆ ಇದ್ದರೆ ಬೇಗ ಕಟ್ಟಿಕೊಳ್ಳುವುದಿಲ್ಲ ಅನ್ನಿಸಿತು. ಗುಜರಿ ಅಂಗಡಿಯಿಂದ 200 ಲೀಟರಿನ ನೀಲಿ ಡ್ರಮ್ಮು ತಂದೆ, 700 ರೂಪಾಯಿ. ನೀರು ಬಿಟ್ಟ ಕೂಡಲೇ ನೊರೆಯೋ ನೊರೆ. ಮೊದಲು ಅದರಲ್ಲಿ ಯಾವುದೋ ಸೋಪಿನ ದ್ರಾವಣ ಇತ್ತಂತೆ. ಎಷ್ಟು ತೊಳೆದರೂ ಹೋಗಲಿಲ್ಲ. ಅದು ಈಗ ಕಸದ ಡ್ರಮ್ಮು. ಆಮೇಲೆ ಹಣ್ಣಿನ ರಸ ತುಂಬಿಸಿ ಬಂದಿದ್ದ ಎರಡು ಡ್ರಮ್ಮು ತಂದೆ, ಇನ್ನೊಂದು 1,400. ಡ್ರಮ್ಮು ಕೊಳ್ಳುವಾಗ ಮುಚ್ಚಳ ತೆಗೆದು ಮೂಸಿ ನೋಡಿ.

ಒಂದರ ಒಳಗೆ ತೆಂಗಿನ ನಾರು ತುರುಕಿದೆ. ನಾರಿಗೆ ಖರ್ಚಿಲ್ಲ, ಮನೆಯಲ್ಲಿ ರಾಶಿ ಉಂಟು. ಮೊದಲ ದಿನ ಕೆಳಗಿನಿಂದ ಬಂದ ನೀರು ನೋಡಿ ಖುಷಿಯಾಯಿತು, ಕೆಸರು ಇರಲಿಲ್ಲ. ಎರಡನೇ ದಿನ ಇಡೀ ಕೊಳ ಹಾಲು ಹಾಕದ ಚಹಾ ಆಯಿತು. ನಾರಿನ ಚೊಗರು ಬಿಟ್ಟುಕೊಂಡಿತ್ತು. ಅಮ್ಮ ನೋಡಿ, “ಹಗ್ಗ ಮಾಡುವವರು ಸಿಪ್ಪೆಯನ್ನು ತಿಂಗಳುಗಟ್ಟಲೆ ಹೊಳೆಯಲ್ಲಿ ಹೂತು ಹಾಕುವುದು ಸುಮ್ನೆಯಾ?” ಅಂದರು. ಮೊದಲೇ ಕೇಳಬೇಕಿತ್ತು.

ಫೆಬ್ರವರಿ 4: ಮುರಕಲ್ಲಿನ ಚೂರು

ಗುಂಡಿ ತೋಡಿದಾಗ ಬಂದ ಮುರಕಲ್ಲು ರಾಶಿ ಬಿದ್ದಿತ್ತು. ಮೈಯೆಲ್ಲ ತೂತು ಇರುವ ಕಲ್ಲು, ಫಿಲ್ಟರಿಗೆ ಒಳ್ಳೆಯದು ಅಂತ ಬಾವನ ವಾದ. ನಿಂಬೆ ಗಾತ್ರಕ್ಕೆ ಒಡೆದು ಮುಕ್ಕಾಲು ಡ್ರಮ್ಮು ತುಂಬಿಸಿದೆ. ಎರಡು ಸಲ ತೊಳೆದಿದ್ದೆ, ಸಾಲಲಿಲ್ಲ. ಮೂರು ದಿನ ಕೊಳದಲ್ಲಿ ಕೆಂಪು ನೀರು. ಅದು ತಿಳಿಯಾಗುವಷ್ಟರಲ್ಲಿ ಹಿಕ್ಕೆ ಮತ್ತು ತೌಡು ಕಲ್ಲಿನ ಸಂದಿಯಲ್ಲಿ ಸೇರಿ ಗಾರೆ ಹಾಕಿದ ಹಾಗೆ ಗಟ್ಟಿಯಾಯಿತು. ಹತ್ತನೇ ದಿನ ನೀರು ಡ್ರಮ್ಮಿನ ಮೇಲಿನಿಂದ ಉಕ್ಕಿ ಹೋಗುತ್ತಿತ್ತು. ಡ್ರಮ್ಮಿನ ತಳಕ್ಕೆ ವಾಲ್ವ್ ಇಟ್ಟಿರಲಿಲ್ಲ. ಕ್ವಿಂಟಲ್‌ಗಟ್ಟಲೆ ಕಲ್ಲನ್ನು ಒಂದೊಂದಾಗಿ ಕೈಯಲ್ಲಿ ಹೆಕ್ಕಿದೆ. ಬೆನ್ನು ಎರಡು ದಿನ ಮಾತಾಡಲಿಲ್ಲ.

ಅವತ್ತು ಸಂಜೆ ಪಕ್ಕದ ಮನೆಯ ಹಿರಿಯರು ಪಾಗಾರದ ಮೇಲಿನಿಂದ ಸಲಹೆ ಕೊಟ್ಟರು: “ಒಂದು ಚಮಚ ಮೈಲುತುತ್ತು ಹಾಕಿಬಿಡಿ, ಪಾಚಿ ಮಂಗಮಾಯ.” ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಹೊಡೆಯುವ ಔಷಧಿ, ನಮ್ಮ ಕಡೆ ಎಲ್ಲರ ಕೊಟ್ಟಿಗೆಯಲ್ಲೂ ಇರುತ್ತದೆ. ಆದರೆ ಅದು ತಾಮ್ರ. ಮೀನು ಸಾಯುತ್ತದೆ, ಅದೇ ನೀರು ಕುಡಿಯುವ ಬಾತಿಗೂ ವಿಷ. ಇದೊಂದು ತಪ್ಪು ನಾನು ಮಾಡಲಿಲ್ಲ. ಬೇರೆ ಮಾಡಿದೆ, ಮುಂದೆ ಹೇಳುತ್ತೇನೆ.

ನೈದಿಲೆ ಮತ್ತು ಅಂತರಗಂಗೆ ಹಾಕಿದ ಕಥೆ ಒಂದೇ ಸಾಲಿನದು: ಭಾನುವಾರ ಹಾಕಿದೆ, ಬುಧವಾರಕ್ಕೆ ಬೇರೂ ಇರಲಿಲ್ಲ.

ಫೆಬ್ರವರಿ 18: ಶೀಟಿಗೆ ಕತ್ತರಿ

ಬಾವ ಊಟಕ್ಕೆ ಬಂದಿದ್ದಾಗ ಕೊಳದ ಹತ್ತಿರ ಹತ್ತು ನಿಮಿಷ ಸುಮ್ಮನೆ ನಿಂತರು. ಆಮೇಲೆ ಎರಡು ಮಾತು ಹೇಳಿದರು. ಒಂದು, ಗಲೀಜು ತಳದಲ್ಲಿ ಉಂಟು, ನೀನು ಮೇಲಿನ ನೀರು ಸೋಸುತ್ತಾ ಇದ್ದಿ. ಎರಡು, ಪಂಪನ್ನು ಮೊದಲು ಇಟ್ಟರೆ ಅದರ ಬ್ಲೇಡು ಹಿಕ್ಕೆಯನ್ನು ಮಿಕ್ಸಿಗೆ ಹಾಕಿದ ಹಾಗೆ ಮಾಡುತ್ತದೆ, ಆಮೇಲೆ ಯಾವ ದೇವರಿಗೂ ಸೋಸಲಿಕ್ಕೆ ಆಗುವುದಿಲ್ಲ. ಪಂಪು ಕೊನೆಗೆ ಇರಬೇಕು.

ಕಳೆದ ಎರಡು ತಿಂಗಳು ನಾನು ಮಾಡಿದ್ದೆಲ್ಲ ಇದರ ಉಲ್ಟಾ.

ಡಿಸೆಂಬರಿನಲ್ಲಿ ಬೇಡ ಅಂದಿದ್ದ ಪ್ಲಂಬರನ್ನೇ ಮತ್ತೆ ಕರೆದೆ. ಪುಣ್ಯಾತ್ಮ, “ನಾನು ಅವತ್ತೇ ಹೇಳಿದ್ದೆ” ಅನ್ನಲಿಲ್ಲ. ಇಳಿಜಾರಿನ ಕಡೆಯಿಂದ ಮುರಕಲ್ಲು ಕಡಿದು ಕೊಳದ ನಡುವಿನ ತನಕ ಎರಡಿಂಚು ಪಿವಿಸಿ ಪೈಪು ತೂರಿಸಿದೆವು. ಶೀಟಿನ ಅಡಿಯ ಮಣ್ಣನ್ನು ನಡುವಿಗೆ ಇಳಿಜಾರು ಬರುವ ಹಾಗೆ ಸರಿ ಮಾಡಿದೆವು, ಅಂಚಿನಿಂದ ನಡುವಿಗೆ ಇನ್ನೂ ಮೂರಿಂಚು ಜಾಸ್ತಿ. ತಳದಲ್ಲಿ ಶೀಟನ್ನು ವೃತ್ತಾಕಾರಕ್ಕೆ ಕತ್ತರಿಸಿ ಫ್ಲಾಂಜು (ಪೈಪಿನ ಬಾಯನ್ನು ಶೀಟಿಗೆ ಬಿಗಿಯುವ ಚಪ್ಪಟೆ ಬಳೆ) ಕೂರಿಸಿ ಸಿಲಿಕಾನ್ ಅಂಟು ಹಚ್ಚಿದೆ. ಕತ್ತರಿ ಹಿಡಿದಾಗ ಕೈ ನಡುಗಿತು, ನಿಜ.

24 ಗಂಟೆ ಬಿಟ್ಟು ನೀರು ತುಂಬಿಸಿದರೆ ಒಂದೇ ರಾತ್ರಿಗೆ ಐದಿಂಚು ಇಳಿಯಿತು. ಸಿಲಿಕಾನು ಶೀಟಿಗೆ ಅಂಟಿಯೇ ಇರಲಿಲ್ಲ. ಉಗುರಿನಿಂದ ಎಬ್ಬಿಸಿದರೆ ರಬ್ಬರ್ ಬ್ಯಾಂಡಿನ ಹಾಗೆ ಪೂರ್ತಿ ಸುತ್ತು ಎದ್ದು ಬಂತು. ಈ ಜಾತಿಯ ಪ್ಲಾಸ್ಟಿಕ್ಕಿಗೆ ಸಾಮಾನ್ಯ ಅಂಟು ಯಾವುದೂ ನಿಲ್ಲುವುದಿಲ್ಲ, ಬಿಗಿ ಹಿಡಿತವೇ ಬೇಕು. ಫೆಬ್ರವರಿ 25ಕ್ಕೆ ಮತ್ತೆ ಖಾಲಿ ಮಾಡಿದೆ. ಪಂಕ್ಚರ್ ಅಂಗಡಿಯಲ್ಲಿ ಹಳೆ ಲಾರಿ ಟ್ಯೂಬಿನ ತುಂಡು ಬಿಟ್ಟಿ ಸಿಕ್ಕಿತು. ಎರಡು ಬಳೆ ಕತ್ತರಿಸಿ, ಶೀಟಿನ ಮೇಲೊಂದು ಅಡಿಗೊಂದು ಇಟ್ಟು, ನಡುವೆ ಶೀಟು ಸುಕ್ಕಾಗದ ಹಾಗೆ ಫ್ಲಾಂಜು ಬಿಗಿದೆ. ಆಮೇಲೆ ಒಂದು ಹನಿ ಸೋರಿಲ್ಲ.

ಪೈಪಿನ ತುದಿಗೆ ಮೂರು ಬಾಯಿಯ ‘ಟೀ’ ಜೋಡಣೆ ಹಾಕಿ ಎರಡು ದಾರಿ. ಒಂದು ವಾಲ್ವ್ ತೆರೆದರೆ ನೇರ ತೆಂಗಿನ ಬುಡಕ್ಕೆ. ಇನ್ನೊಂದು ಫಿಲ್ಟರಿನ ಡ್ರಮ್ಮಿಗೆ. ತಳದ ಬಾಯಿಗೆ ದೊಡ್ಡ ತೂತಿನ ಜಾಲರಿ, ಕೊಳದಲ್ಲಿ ಬಿಟ್ಟಿರುವ ಸಣ್ಣ ಗುಪ್ಪಿ ಮೀನು ಹೋದರೆ ಹೋಗಲಿ, ಬಾತಿನ ಕಾಲು ಸಿಗಬಾರದು.

ಮೊದಲ ಸಲ ವಾಲ್ವ್ ತೆರೆದಾಗ ಬಂದ ನೀರನ್ನು ನೀವು ನೋಡಬೇಕಿತ್ತು. ಮೊದಲ ಹತ್ತು ಸೆಕೆಂಡು ರಾಗಿ ಅಂಬಲಿಯ ಹಾಗೆ ದಪ್ಪ. ಅರ್ಧ ನಿಮಿಷಕ್ಕೆ ಬೂದು. ಒಂದು ನಿಮಿಷ ಆಗುವಾಗ ಕೊಳದ ಮೇಲಿನ ನೀರಿನ ಬಣ್ಣವೇ ಬಂತು. ಅಷ್ಟು ಸಾಕು, ಮುಚ್ಚುವುದು. ಖಾಲಿ ಡ್ರಮ್ಮು ಹಿಡಿದು ಅಳೆದೆ: 200 ಲೀಟರಿಗೆ ಒಂದು ನಿಮಿಷ ಹತ್ತು ಸೆಕೆಂಡು. ಕರೆಂಟು ಬೇಡ, ಪಂಪು ಬೇಡ. ದಿನಕ್ಕೆ 200 ಲೀಟರ್ ಅಂದರೆ ನಾಲ್ಕು ಮರಕ್ಕೆ 50ರಂತೆ, ಮೂರು ದಿನಕ್ಕೆ ಹನ್ನೆರಡೂ ಮರಕ್ಕೆ ಒಂದು ಸುತ್ತು. ಹೇಗೂ ಬೇಸಿಗೆಯಲ್ಲಿ ಬಾವಿಯಿಂದ ಅವಕ್ಕೆ ನೀರು ಎತ್ತುತ್ತಿದ್ದೆ. ಈಗ ಅದೇ ನೀರು ಕೊಳದ ದಾರಿ ಹಿಡಿದು ಹೋಗುತ್ತದೆ, ಗೊಬ್ಬರದ ಸಮೇತ.

ಮಾರ್ಚ್ 8ಕ್ಕೆ ಬಸಿ 7 ಇಂಚು. ಫಿಲ್ಟರು ಇನ್ನೂ ಶುರುವೇ ಆಗಿರಲಿಲ್ಲ!

ಮಾರ್ಚ್ 10–24: ಎರಡು ಡ್ರಮ್ಮು, ಒಂದು ಗಿಡದ ತೊಟ್ಟಿ

ಡ್ರಮ್ಮುಗಳನ್ನು ಇಳಿಜಾರಿನಲ್ಲಿ ಇಟ್ಟೆ. ಕೊಳದ ನೀರಿನ ಮಟ್ಟವೂ ಡ್ರಮ್ಮಿನ ನೀರಿನ ಮಟ್ಟವೂ ಒಂದೇ ಇರಬೇಕು, ಡ್ರಮ್ಮಿನ ಬಾಯಿ ಸ್ವಲ್ಪ ಮೇಲಿರಬೇಕು. ನಾನು ಕಣ್ಣಂದಾಜಿಗೆ ಇಟ್ಟೆ. ಎರಡಿಂಚು ತಗ್ಗಾಗಿತ್ತು. ಬೆಳಗ್ಗೆ ನೋಡಿದರೆ ಕೊಳ ಎರಡಿಂಚು ಇಳಿದು, ಸುಮಾರು 375 ಲೀಟರ್ ಡ್ರಮ್ಮಿನ ಬಾಯಿಂದ ಉಕ್ಕಿ ಹೋಗಿತ್ತು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ಮಟ್ಟ ನೋಡುವುದು ಮೇಸ್ತ್ರಿಗಳ ಮೊದಲ ಪಾಠ. ನನಗೆ ಆ ದಿನ ನೆನಪಾಗಲಿಲ್ಲ. ಡ್ರಮ್ಮಿನ ಅಡಿಗೆ ನಾಲ್ಕಿಂಚಿನ ಕಲ್ಲು ಕೊಟ್ಟು ಎತ್ತಿದೆ.

ಒಂದನೇ ಡ್ರಮ್ಮು ಖಾಲಿ. ನೀರು ಬರುವ ಪೈಪಿಗೆ ಒಳಗೆ ಎಲ್ಬೋ (ಬಾಗಿದ ತುಂಡು) ಹಾಕಿ ಗೋಡೆಗುಂಟ ತಿರುಗಿಸಿದ್ದೇನೆ, ನೀರು ಮೆಲ್ಲಗೆ ಸುತ್ತುತ್ತದೆ, ಕೆಸರು ನಡುವೆ ಕೂರುತ್ತದೆ. ತಳಕ್ಕೆ ವಾಲ್ವ್. ಪಾಠ ಕಲಿತಿದ್ದೆ.

ಎರಡನೇ ಡ್ರಮ್ಮಿಗೆ ಮಲ್ಪೆಯಿಂದ ತಂದ ಹಳೆ ನೈಲಾನ್ ಬಲೆ, ಕೆಜಿಗೆ 45ರಂತೆ ಆರು ಕೆಜಿ, 270 ರೂಪಾಯಿ. ಇದು ನನ್ನ ಮಟ್ಟಿಗೆ ಇಡೀ ಕೆಲಸದ ಅತ್ಯುತ್ತಮ ಖರೀದಿ. ಹಗುರ, ಕೊಳೆಯುವುದಿಲ್ಲ, ಮುದ್ದೆ ಮಾಡಿ ತುಂಬಿಸಬಹುದು, ಎತ್ತಿ ಜಾಡಿಸಿದರೆ ಕೆಸರು ಬೀಳುತ್ತದೆ. ಆದರೆ ಒಂದು ವಾರ ನೀರು ಬದಲಾಯಿಸುತ್ತಾ ನೆನೆಹಾಕಬೇಕು, ಉಪ್ಪು ಹೋಗಲಿಕ್ಕೆ. ಆ ವಾರ ಊರಿನ ಬೆಕ್ಕುಗಳೆಲ್ಲ ನಮ್ಮ ಅಂಗಳದಲ್ಲೇ ಇದ್ದವು. ಇನ್ನೊಂದು ವಿಷಯ, ಬಲೆಯ ಒಂದು ಎಳೆಯೂ ಕೊಳಕ್ಕೆ ಹೋಗಬಾರದು. ಬಾತಿನ ಕಾಲಿಗೆ ಸುತ್ತಿದರೆ ಬಿಡಿಸಲಿಕ್ಕೆ ಆಗುವುದಿಲ್ಲ. ಮುಚ್ಚಳ ಬೇಕೇ ಬೇಕು.

ನೀರು ಈ ಡ್ರಮ್ಮಿನ ಅಡಿಯಿಂದ ಬಲೆಯ ಮೂಲಕ ಮೇಲೇರುತ್ತದೆ. ಮೇಲೆ ಬುಟ್ಟಿಯಲ್ಲಿ ಅದೇ ಹಳೆಯ 40 ವ್ಯಾಟಿನ ಪಂಪು. ಈಗ ಅದಕ್ಕೆ ಗರಿಯಿಲ್ಲದ ನೀರು ಸಿಗುತ್ತದೆ. ದಿನವಿಡೀ ಓಡಿದರೆ ಸುಮಾರು ಒಂದು ಯೂನಿಟ್ ಕರೆಂಟು.

ಪಂಪಿನ ನೀರು ಹೋಗುವುದು ಗಿಡದ ತೊಟ್ಟಿಗೆ. ಪಾಗಾರಕ್ಕೆ ತಾಗಿಸಿ ಮೂರು ಕಡೆ ಎರಡು ಸಾಲು ಮುರಕಲ್ಲು, 8 ಅಡಿಗೆ 3 ಅಡಿ. 24 ಕಲ್ಲಿಗೆ 45ರಂತೆ 1,080. ಒಳಗೆ ಕೊಳದ ಶೀಟಿನ ಅಂಚಿನಲ್ಲಿ ಉಳಿದ ತುಂಡುಗಳು, ಅದರ ಮೇಲೆ 20 ಘನ ಅಡಿ ಜಲ್ಲಿ 1,000, ಗೂಡ್ಸ್ ರಿಕ್ಷಾ ಬಾಡಿಗೆ 400. ಕಾಬಾಳೆ, ಲಾವಂಚ, ಕೆಸು ನೆಟ್ಟೆ. ಮಣ್ಣು ಹಾಕಲಿಲ್ಲ, ಜಲ್ಲಿಯಲ್ಲೇ. ಬಾತು ಹತ್ತದ ಹಾಗೆ ಎರಡಡಿ ಬಲೆಬೇಲಿ. ತೊಟ್ಟಿಯ ಇನ್ನೊಂದು ತುದಿಯಿಂದ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯ ಮೇಲೆ ಹರಿದು ಕೊಳಕ್ಕೆ ಬೀಳುತ್ತದೆ. ಬೀಳುವ ಸದ್ದು ಬೋನಸ್.

ಕೆಸು ಹದಿನೈದು ದಿನದಲ್ಲಿ ಮೊರದಗಲ ಎಲೆ ಬಿಟ್ಟಿತು. ನಾನು ಪತ್ರೊಡೆಯ ಆಸೆಯಲ್ಲಿದ್ದೆ.

“ಹಿಕ್ಕೆ ನೀರಿನ ಕೆಸುವಿನಲ್ಲಿ ನಾನು ಪತ್ರೊಡೆ ಮಾಡುವುದಿಲ್ಲ” ಅಂದರು ಅಮ್ಮ.

“ಬಸಳೆ ಬುಡಕ್ಕೆ ಸೆಗಣಿ ಹಾಕುವುದಿಲ್ಲವಾ?”

“ಅದು ಬೇರೆ.”

ಕರೆಂಟಿನ ಬಗ್ಗೆ ಒಂದು ಮಾತು. ಮೊದಲು ನಾನು ವಯರಿಗೆ ಟೇಪು ಸುತ್ತಿ ಹುಲ್ಲಿನ ಮೇಲೆ ಎಳೆದಿದ್ದೆ. ಪ್ಲಂಬರ್ ನೋಡಿ ಸಿಟ್ಟಾಗಿಯೇ ಬಿಟ್ಟರು. ನೆಲದಡಿ ಪೈಪಿನಲ್ಲಿ ಹೊಸ ವಯರು, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು), ಎಲ್ಲ ಸೇರಿ 2,150 ರೂಪಾಯಿ. ಇದರಲ್ಲಿ ಜಿಪುಣತನ ಬೇಡ.

ಏಪ್ರಿಲ್ 14: ಬಿಸು ಹಬ್ಬದ ಮೂರ್ಖತನ

ಏಪ್ರಿಲ್ 10ಕ್ಕೆ ಬಸಿ 12 ಇಂಚಿಗೆ ಬಂದಿತ್ತು. ಬಿಸುವಿಗೆ ನೆಂಟರು ಬರುವವರು. ಇನ್ನೂ ತಿಳಿಯಾಗಿ ತೋರಿಸಬೇಕು ಅನ್ನುವ ಚಪಲ. ಗುಪ್ಪಿಗಳನ್ನು ಬಕೆಟಿಗೆ ಹಾಕಿ, ಬಾತುಗಳನ್ನು ಗೂಡಿನಲ್ಲಿ ಕೂಡಿ, ಪೂರ್ತಿ ನೀರು ಬದಲಾಯಿಸಿದೆ. ಅದರ ಮೇಲೆ ಒಂದು ಮುಷ್ಟಿ ಬ್ಲೀಚಿಂಗ್ ಪೌಡರ್ ಹಾಕಿದೆ. ಬಾವಿಗೆ ಹಾಕುತ್ತೇವಲ್ಲ, ಎಂತ ಆಗುತ್ತದೆ ಅಂತ. ಪಂಪು ಓಡುತ್ತಲೇ ಇತ್ತು.

ಹಬ್ಬದ ದಿನ ತಳದ ಜಾಲರಿಯ ತೂತು ಎಣಿಸಬಹುದಿತ್ತು. ಎಲ್ಲರೂ ಹೊಗಳಿದರು. ಸಂಜೆ ಗುಪ್ಪಿಗಳನ್ನು ವಾಪಸು ಬಿಟ್ಟೆ. ಮರುದಿನ ಬೆಳಗ್ಗೆ 30ರಲ್ಲಿ ನಾಲ್ಕು ಉಳಿದಿದ್ದವು. ಏಪ್ರಿಲ್ 28ಕ್ಕೆ ಬಸಿ 4 ಇಂಚು, ನೀರು ಹಸಿರು ಗಂಜಿ. ಬಲೆಯ ಮೇಲೆ ಹಬ್ಬದ ತನಕ ಕಟ್ಟಿದ್ದ ಕಂದು ಲೋಳೆ ಪೂರ್ತಿ ಬಿಳಿಚಿ ಉದುರಿತ್ತು. ಕೆಲಸ ಮಾಡುತ್ತಿದ್ದದ್ದು ಆ ಲೋಳೆಯೇ. ಅದರ ಬ್ಯಾಕ್ಟೀರಿಯಾ ಮತ್ತೆ ಹುಟ್ಟಿಕೊಳ್ಳಲಿಕ್ಕೆ ಮೇ ತಿಂಗಳು ಪೂರ್ತಿ ಬೇಕಾಯಿತು. ಅಲ್ಲಿಂದ ಬಲೆಯನ್ನು ಬಾವಿನೀರಿನಲ್ಲೂ ತೊಳೆಯುವುದಿಲ್ಲ, ಕೊಳದ್ದೇ ನೀರಿನಲ್ಲಿ ಎರಡು ಸಲ ಜಾಡಿಸುವುದು, ಅಷ್ಟೇ.

ಮೇ: ಖರ್ಚಿಲ್ಲದ ಕೆಲಸಗಳು

ಫಿಲ್ಟರು ಸತ್ತಿದ್ದ ಆ ತಿಂಗಳು ಬೇರೆ ದಾರಿ ಇಲ್ಲದೆ ಬಾತುಗಳ ದಿನಚರಿ ನೋಡುತ್ತಾ ಕುಳಿತೆ. ಇದನ್ನು ಡಿಸೆಂಬರಿನಲ್ಲೇ ಮಾಡಿದ್ದರೆ ಎರಡು ಸಾವಿರ ಉಳಿಯುತ್ತಿತ್ತು.

ತೌಡು ಮತ್ತು ಅನ್ನ ಇಡುತ್ತಿದ್ದದ್ದು ಕೊಳದಿಂದ ಮೂರು ಅಡಿ ದೂರದಲ್ಲಿ. ಬಾತು ಒಂದು ಬಾಯಿ ತಿನ್ನುತ್ತದೆ, ಓಡಿ ಹೋಗಿ ಕೊಕ್ಕನ್ನು ಕೊಳದಲ್ಲಿ ಅದ್ದುತ್ತದೆ. ಕೊಕ್ಕಿನಲ್ಲಿದ್ದ ಅರ್ಧ ತೌಡು ನೀರಿಗೆ. ಮತ್ತೆ ಬರುತ್ತದೆ. ಹತ್ತು ನಿಮಿಷದಲ್ಲಿ ಒಂದೇ ಬಾತು 14 ಸಲ ಓಡಾಡಿತು, ಎಣಿಸಿದ್ದೇನೆ. ಒಣ ತಿಂಡಿ ನುಂಗಲಿಕ್ಕೆ ಅದಕ್ಕೆ ನೀರು ಬೇಕು. ತಿಂಡಿಯನ್ನು 25 ಅಡಿ ದೂರ ಗೂಡಿನ ಹತ್ತಿರ ಇಟ್ಟು, ಪಕ್ಕದಲ್ಲೇ ಅರ್ಧ ಕತ್ತರಿಸಿದ ಕ್ಯಾನಿನಲ್ಲಿ ತಲೆ ಮುಳುಗುವಷ್ಟು ನೀರು ಇಟ್ಟೆ. ಓಡಾಟ ನಿಂತಿತು. ಕ್ಯಾನಿನ ನೀರು ದಿನಾ ಕೆಸರಾಗುತ್ತದೆ, ಚೆಲ್ಲಿದರೆ ಆಯಿತು.

ಎರಡನೆಯದು, ರಾತ್ರಿ. ಮೊದಲು ಕಾಡುಪ್ರಾಣಿಗಳ ಭಯಕ್ಕೆ ಗೂಡಿಗೆ ಹಾಕಿ, ಬೆಳಗ್ಗೆ ಆರು ಗಂಟೆಗೆಲ್ಲ ಬಿಡುತ್ತಿದ್ದೆ. ಈಗ ಒಂಬತ್ತಕ್ಕೆ ಬಿಡುತ್ತೇನೆ. ಬಾತು ಮೊಟ್ಟೆ ಇಡುವುದು ಹೆಚ್ಚಾಗಿ ಬೆಳಗಿನ ಜಾವದಲ್ಲಿ. ಕೊಳದ ತಳದಲ್ಲಿ ಸಿಗುತ್ತಿದ್ದ ಮೊಟ್ಟೆ ಈಗ ಗೂಡಿನಲ್ಲೇ ಸಿಗುತ್ತದೆ. ಸಂಜೆ ಆರರಿಂದ ಬೆಳಗ್ಗೆ ಒಂಬತ್ತರ ತನಕದ ಹಿಕ್ಕೆ ಗೂಡಿನ ಒಣಹುಲ್ಲಿನ ಮೇಲೆ ಬೀಳುತ್ತದೆ. ಹದಿನೈದು ಗಂಟೆಯ ಗಲೀಜು ಕೊಳಕ್ಕೆ ಹೋಗುವುದೇ ಇಲ್ಲ! ಇದಕ್ಕೆ ಯಾವ ಡ್ರಮ್ಮು ಬೇಕಿತ್ತು?

ಮೂರನೆಯದು, ಅಂಚು. ಬಾತು ಕೊಕ್ಕಿನಲ್ಲಿ ಅಂಚಿನ ಒದ್ದೆ ಮಣ್ಣನ್ನು ಬೈರಿಗೆ ಹಾಕಿದ ಹಾಗೆ ಕೊರೆಯುತ್ತದೆ, ಅದೇ ಕಾಲಿನಲ್ಲಿ ನೀರಿಗಿಳಿಯುತ್ತದೆ. ಸುತ್ತ ಮೂರಡಿ ಅಗಲಕ್ಕೆ ಫೆಬ್ರವರಿಯಲ್ಲಿ ಡ್ರಮ್ಮಿನಿಂದ ಹೆಕ್ಕಿದ ಮುರಕಲ್ಲಿನ ಚೂರು ಹಾಸಿದೆ.

ಮೇ 30ಕ್ಕೆ ಬಸಿ 15 ಇಂಚು.

ಮೇ ಮಧ್ಯದ ಗಾಳಿಮಳೆಗೆ ಒಂದು ದಿನ ಎಂಟು ಗಂಟೆ ಕರೆಂಟು ಇರಲಿಲ್ಲ. ಎರಡನೇ ಡ್ರಮ್ಮಿನ ನೀರು ನಿಂತು ನಾತ ಬಂತು. ಅಂಥ ದಿನ ಪಂಪು ಶುರು ಮಾಡುವ ಮೊದಲು ಆ ಡ್ರಮ್ಮಿನ ನೀರನ್ನು ತೋಟಕ್ಕೆ ಚೆಲ್ಲಬೇಕು. ನಾನು ಚೆಲ್ಲದೆ ಕೊಳಕ್ಕೆ ಕಳಿಸಿ, ಉಳಿದ ನಾಲ್ಕು ಗುಪ್ಪಿಗಳಲ್ಲಿ ಒಂದನ್ನು ಕಳೆದುಕೊಂಡೆ.

ಜೂನ್: ಕೆಂಪು ನೀರು, ಸೊಳ್ಳೆ ಮರಿ

ಮಳೆ ಬಂದರೆ ನೀರು ತನ್ನಿಂದ ತಾನೇ ಬದಲಾಗುತ್ತದೆ, ಚಿಂತೆ ಇಲ್ಲ ಅಂದುಕೊಂಡಿದ್ದೆ. ಬದಲಾಯಿತು, ಅಂಗಳದ ಕೆಂಪು ಮಣ್ಣಿನ ಸಮೇತ. ಬಸಿ 6 ಇಂಚು. ಮೇಲಿನ ಬದಿಗೆ ಅರ್ಧ ಅಡಿ ಮಣ್ಣಿನ ಏರಿ ಕಟ್ಟಿ, ಅದರಾಚೆ ಒಂದು ಕಣಿ ತೋಡಿದೆ. ಹೆಚ್ಚಾದ ನೀರು ಹೋಗಲಿಕ್ಕೆ ಅಂಚಿನಲ್ಲಿ ಮೂರಿಂಚು ಪೈಪು, ಬಾಯಿಗೆ ಜಾಲರಿ.

ಮನೆಗೆ ಬಂದ ಆಶಾ ಕಾರ್ಯಕರ್ತೆ ನಿಂತ ನೀರು ಎಲ್ಲಿದೆ ಅಂತ ನೋಡುತ್ತಾ ಕೊಳದ ಹತ್ತಿರ ಹೋದರು. ಕೊಳದಲ್ಲಿ ಒಂದೇ ಒಂದು ಸೊಳ್ಳೆ ಮರಿ ಇರಲಿಲ್ಲ, ಬಾತು ಬಿಟ್ಟರಲ್ಲವಾ. ನಾನು ಎದೆಯುಬ್ಬಿಸುವಷ್ಟರಲ್ಲಿ ಅವರು ಒಂದನೇ ಡ್ರಮ್ಮಿಗೆ ಟಾರ್ಚ್ ಹಾಕಿದರು. ಕಿಲಬಿಲ ಅನ್ನುವಷ್ಟು! ಡ್ರಮ್ಮಿಗೆ ಬಾತು ಹೋಗುವುದಿಲ್ಲ, ಗುಪ್ಪಿಯೂ ಹೋಗಿರಲಿಲ್ಲ. ಮಲೇರಿಯಾ, ಡೆಂಗಿ ಎರಡೂ ಕಂಡ ಕರಾವಳಿಯಲ್ಲಿ ಇದು ಸಣ್ಣ ತಪ್ಪಲ್ಲ. ಅವತ್ತೇ ಸೊಳ್ಳೆ ಪರದೆಯ ಬಟ್ಟೆ ಬಿಗಿದು ಕಟ್ಟಿದೆ, ಗೆಳೆಯರ ಮನೆಯಿಂದ ಹೊಸ ಗುಪ್ಪಿ ತಂದು ಆರನ್ನು ಡ್ರಮ್ಮಿಗೂ ಬಿಟ್ಟೆ.

ಜುಲೈ: ಪೂರಿ

ಈಗ ಮೊನ್ನೆಯ ಕಥೆ. ಬೆಳಗ್ಗೆ ತಳದ ವಾಲ್ವ್ ತೆರೆದೆ. ಫೋನು ಬಂತು. ಮಾತಾಡುತ್ತಾ ಒಳಗೆ ಹೋದೆ, ಕಾಫಿ ಕುಡಿದೆ, ಮರೆತೆ. 4,500 ಲೀಟರ್ ಖಾಲಿಯಾಗಲಿಕ್ಕೆ ಅರ್ಧ-ಮುಕ್ಕಾಲು ಗಂಟೆ ಸಾಕು. ಮಧ್ಯಾಹ್ನ ಹೋದಾಗ ಕೊಳದಲ್ಲಿ ನೀರಿಲ್ಲ, ಶೀಟಿನ ಅಡಿಯಲ್ಲಿ ನೀರು! ಜೋರು ಮಳೆಯ ಆಟಿ (ತುಳು ತಿಂಗಳು) ಹತ್ತಿರವಾದಾಗ ನಮ್ಮ ಮುರಕಲ್ಲು ನೆಲ ನೆನೆದ ಸ್ಪಂಜಿನ ಹಾಗಿರುತ್ತದೆ. ಮೇಲಿನ ಭಾರ ಹೋದ ಕೂಡಲೇ ಒಸರಿದ ನೀರು ಶೀಟನ್ನು ಎತ್ತಿತು. ಎತ್ತರ ಅಳೆದೆ, 19 ಇಂಚು. ಕರೆಂಟು ಹೋಗಿದ್ದರಿಂದ ಪಂಪು ಒಣಗಿ ಸುಡಲಿಲ್ಲ, ಇಲ್ಲದಿದ್ದರೆ ಅದೂ ಹೋಗುತ್ತಿತ್ತು.

ಮೊದಲು ಕಾಲಿನಲ್ಲಿ ತುಳಿದೆ. ಇಲ್ಲಿ ತಗ್ಗಿದರೆ ಅಲ್ಲಿ ಉಬ್ಬಿತು. ಫ್ಲಾಂಜಿನ ಹತ್ತಿರ ಶೀಟು ಎಳೆಯುವುದು ನೋಡಿ ಹೆದರಿ ನಿಲ್ಲಿಸಿದೆ. ಆಮೇಲೆ ವಾಲ್ವ್ ಮುಚ್ಚಿ ಬಾವಿಯಿಂದ ಮೆಲ್ಲಗೆ ನೀರು ಬಿಟ್ಟೆ. ಬಾವಿ ತುಂಬಿಯೇ ಇತ್ತು. ರಾತ್ರಿಗೆ ಪೂರಿ ಚಪಾತಿಯಷ್ಟಾಯಿತು, ಪೂರ್ತಿ ಕೂರಲಿಲ್ಲ.

ನಿನ್ನೆ ಮಳೆ ಎರಡು ಗಂಟೆ ಬಿಟ್ಟಾಗ ಇಳಿಜಾರಿನ ಕಡೆಯಿಂದ, ತಳದ ಪೈಪಿನ ಪಕ್ಕದ ಮಣ್ಣಿನಲ್ಲೇ, ಒಂದಿಂಚು ಪೈಪಿಗೆ ತೂತು ಹೊಡೆದು ಬಟ್ಟೆ ಸುತ್ತಿ ಶೀಟಿನ ಅಡಿಗೆ ನಾಲ್ಕಡಿ ತೂರಿಸಿದೆ. ಮೊದಲು ಕೆಂಪು, ಆಮೇಲೆ ತಿಳಿ ನೀರು ಬರಲು ಶುರುವಾಯಿತು. ಒಂದು ಚೊಂಬು ತುಂಬಲಿಕ್ಕೆ 40 ಸೆಕೆಂಡು. ಇದು ತಾತ್ಕಾಲಿಕ. ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಶೀಟು ಎತ್ತಿ, ಸುತ್ತ ಜಲ್ಲಿ ತುಂಬಿದ ಕಣಿ ಮಾಡಬೇಕು. ಇನ್ನೊಮ್ಮೆ ಪಿಕ್ಕಾಸು.

ಈ ತನಕದ ಖರ್ಚು: ಗುಂಡಿ ಮತ್ತು ಶೀಟಿಗೆ 8,280. ಪಂಪು 1,950, ಮೂರು ಡ್ರಮ್ಮು 2,100, ಪೈಪು ಫ್ಲಾಂಜು ವಾಲ್ವ್ ಎಲ್ಲ ಸೇರಿ 3,880, ಪ್ಲಂಬರಿಗೆ 1,200, ಬಲೆ 270, ಗಿಡದ ತೊಟ್ಟಿ 2,480, ವಯರಿಂಗ್ 2,150. ಒಟ್ಟು 22,310 ರೂಪಾಯಿ. ಮೊಟ್ಟೆಯ ಆದಾಯದ ಲೆಕ್ಕ ಅಮ್ಮನ ಹತ್ತಿರ ಉಂಟು, ನನಗೆ ತೋರಿಸಿಲ್ಲ.

ಇವತ್ತು ಬೆಳಗ್ಗೆ ಬಸಿ 9 ಇಂಚು. ಶೀಟು ನಡುವೆ ಇನ್ನೂ ಒಂದಂಗೈ ಅಗಲ ಉಬ್ಬಿದೆ. ಗಂಡು ಬಾತು ಆಗಾಗ ಹೋಗಿ ಅದರ ಮೇಲೆ ನಿಲ್ಲಲು ನೋಡುತ್ತದೆ, ಕಾಲು ಜಾರಿ ನೀರಿಗೆ ಬೀಳುತ್ತದೆ. ವಾಲ್ವಿನ ಹಿಡಿಗೆ ಕೆಂಪು ದಾರ ಕಟ್ಟಿದ್ದೇನೆ. ಅದರ ಇನ್ನೊಂದು ತುದಿಯಲ್ಲಿ ನನ್ನ ಕೈಗೆ ಹಾಕಿಕೊಳ್ಳುವ ಕುಣಿಕೆ ಉಂಟು, ಮುಚ್ಚದೆ ಒಳಗೆ ಹೋಗಲಿಕ್ಕೆ ಆಗದ ಹಾಗೆ.